ಮ್ಯಾನ್ ಪುಟದಲ್ಲಿ ಹೈಫನ್, ಉದ್ಧರಣ ಚಿಹ್ನೆ, ಟಿಲ್ಡೆಗಳಿಗೆ ಬ್ಯಾಕ್‌ಸ್ಲ್ಯಾಶ್ ಹಾಕುವ ಕೆಲಸವನ್ನು ಹಗುರ ಮಾಡುವುದು ಹೇಗೆ?

ಪ್ರಶ್ನೆ: ಮಳೆಪುಸ್ತಕ (ಸೋಮವಾರಪೇಟೆ)

ಎಲ್ಲರಿಗೂ ನಮಸ್ಕಾರ.

ನಮ್ಮ ಕಡೆಯ ಕಾಫಿ ಬೆಳೆಗಾರರ ಮನೆಗಳಲ್ಲಿ ದಿನದ ಮಳೆಯನ್ನು ಇಂಚು ಮತ್ತು ಸೆಂಟುಗಳ ಲೆಕ್ಕದಲ್ಲಿ ಬರೆದಿಡುವ ರೂಢಿ ಇದೆಯೆಂಬುದು ಇಲ್ಲಿರುವ ಬಹುತೇಕರಿಗೆ ತಿಳಿದೇ ಇರುತ್ತದೆ. ಇಂಚಿನ ನೂರನೇ ಒಂದು ಭಾಗ ಒಂದು ಸೆಂಟು. ಮಿಲಿಮೀಟರಿಗೆ ತರಬೇಕಾದರೆ ಇಂಚನ್ನು 25.4ರಿಂದ ಗುಣಿಸಬೇಕು. ಈ ದಾಖಲೆಯನ್ನು ಕಂಪ್ಯೂಟರಿನಲ್ಲಿ ಇಟ್ಟುಕೊಳ್ಳಲು, ತಿಂಗಳ ಮೊತ್ತ ತೆಗೆಯಲು, ಹೂಮಳೆ ಬಿದ್ದ ದಿನಗಳನ್ನು ವರ್ಷದಿಂದ ವರ್ಷಕ್ಕೆ ಹೋಲಿಸಿ ನೋಡಲು ‘ಮಳೆ’ ಎಂಬ ಸಣ್ಣ ಕಮಾಂಡೊಂದನ್ನು ಬರೆದಿದ್ದೇನೆ. ಬಳಸುವವರಿಗೆ ಸುಲಭವಾಗಲಿ ಎಂದು ಆಯ್ಕೆಗಳ ಹೆಸರುಗಳನ್ನೂ ಕನ್ನಡದಲ್ಲೇ ಇಟ್ಟಿದ್ದೇನೆ. ಜುಲೈ ತಿಂಗಳ ಮಳೆಯಲ್ಲಿ ಇಂಟರ್ನೆಟ್ ದಿನಗಟ್ಟಲೆ ಸಿಗದ ಮನೆಗಳು ಈ ಭಾಗದಲ್ಲಿ ಬಹಳ ಇರುವುದರಿಂದ, ಕೈಪಿಡಿಯು ಯಾವುದೋ ಜಾಲತಾಣದಲ್ಲಿ ಇರುವುದಕ್ಕಿಂತ ಯಂತ್ರದೊಳಗೇ ಇರಬೇಕು ಎಂದು ತೀರ್ಮಾನಿಸಿ ಮ್ಯಾನ್ ಪುಟವನ್ನು (ಟರ್ಮಿನಲ್ಲಿನಲ್ಲಿ ‘ಮ್ಯಾನ್’ ಕಮಾಂಡ್ ತೋರಿಸುವ ಕೈಪಿಡಿಯ ಪುಟವನ್ನು) ಬರೆಯಲು ತೊಡಗಿದೆ. ತೊಡಕು ಅಲ್ಲಿಂದ ಶುರುವಾಯಿತು.

ಪುಟದಲ್ಲಿ ಈ ಕೆಳಗಿನಂಥ ಉದಾಹರಣೆಗಳಿವೆ:

ಮಳೆ --ಇಂದ 2024-06-01 --ವರೆಗೆ 2024-06-30 ~/ಮಳೆ.ಪಟ್ಟಿ
ಮಳೆ --ಹುಡುಕು '^2024-07' ~/ಮಳೆ.ಪಟ್ಟಿ

ನನ್ನ ಡೆಬಿಯನ್ ಲಿನಕ್ಸ್ ಯಂತ್ರದಲ್ಲಿ ಮೊದಲನೆಯ ಉದಾಹರಣೆಯನ್ನು ಕಾಪಿ ಮಾಡಿ ಅಂಟಿಸಿದರೆ ಅದು ಸರಿಯಾಗಿಯೇ ನಡೆಯುತ್ತದೆ. ಆದರೆ ಬೇರೊಂದು ಲಿನಕ್ಸ್ ವಿತರಣೆಯನ್ನು ಬಳಸುವ ಸ್ನೇಹಿತರ ಯಂತ್ರದಲ್ಲಿ ಅದೇ ಸಾಲು ‘ಇಂಥ ಕಡತ ಇಲ್ಲ’ ಎಂಬ ದೂರು ಕೊಡುತ್ತದೆ. ಪುಟದೊಳಗೆ --ಇಂದ ಎಂದು ಹುಡುಕಿದರೆ, ಕಣ್ಣೆದುರಿಗೇ ಇರುವ ಪದವೂ ಸಿಗುವುದಿಲ್ಲ. ಎರಡನೆಯ ಉದಾಹರಣೆಯ ಉದ್ಧರಣ ಚಿಹ್ನೆ ಬಾಗಿದ ಚಿಹ್ನೆಯಾಗಿ ಬದಲಾಗಿರುತ್ತದೆ. ಇನ್ನೊಂದು ಕಡೆ ‘.05 ಇಂಚಿಗಿಂತ ಕಡಿಮೆ ಮಳೆಯಾದ ದಿನಗಳನ್ನು ಒಣದಿನಗಳೆಂದು ಎಣಿಸಲಾಗುತ್ತದೆ’ ಎಂಬ ಸಾಲು ಪುಟದಲ್ಲಿ ಕಾಣಿಸಿಕೊಳ್ಳುವುದೇ ಇಲ್ಲ. ದೋಷದ ಸಂದೇಶವೂ ಬರುವುದಿಲ್ಲ.

ಪ್ರತಿ ಹೈಫನ್ನಿಗೂ ಬ್ಯಾಕ್‌ಸ್ಲ್ಯಾಶ್ ಹಾಕಿದರೆ ಮೂಲ ಕಡತವನ್ನು ಓದುವುದೇ ಕಷ್ಟವಾಗುತ್ತದೆ, ಮುಂದೆ ಇದನ್ನು ತಿದ್ದಲು ಬರುವವರಿಗಂತೂ ಇನ್ನೂ ಕಷ್ಟ. ಹಾಗಾಗಿ ಮೂರು ದಾರಿಗಳನ್ನು ಯೋಚಿಸಿದ್ದೇನೆ. ಕಡತವನ್ನು ಸರಳವಾಗಿಯೇ ಬರೆದು, ಸ್ಥಾಪನೆಯ ಹೊತ್ತಿಗೆ ಸೆಡ್ ಎಂಬ ಪಠ್ಯ ಬದಲಾಯಿಸುವ ಕಮಾಂಡಿನ ಮೂಲಕ ಎಲ್ಲ ಹೈಫನ್‌ಗಳನ್ನೂ ಒಟ್ಟಿಗೆ ಬದಲಾಯಿಸುವುದು ಒಂದು. ಪುಟದ ತಲೆಯಲ್ಲಿಯೇ ಈ ಚಿಹ್ನೆಗಳಿಗೆ ಹೊಸ ಅರ್ಥ ಕೊಟ್ಟುಬಿಡುವುದು ಇನ್ನೊಂದು. ಮಾರ್ಕ್‌ಡೌನ್‌ನಲ್ಲಿ (ಸರಳ ಗುರುತುಗಳ ಬರವಣಿಗೆಯ ಸ್ವರೂಪದಲ್ಲಿ) ಬರೆದು ಪರಿವರ್ತಿಸುವುದು ಮತ್ತೊಂದು. ಇವುಗಳಲ್ಲಿ ಯಾವುದು ದೀರ್ಘಕಾಲ ನಿಲ್ಲುತ್ತದೆ ಎಂಬುದನ್ನು ಅನುಭವವುಳ್ಳವರು ದಯವಿಟ್ಟು ತಿಳಿಸಬೇಕು.

ಉತ್ತರ: ಗೋಣಿಕೊಪ್ಪದ ಹಳಬ

ನಿಮ್ಮ ಕೆಲಸ ನೋಡಿ ಬಹಳ ಸಂತೋಷವಾಯಿತು. ಪರಿಹಾರದ ಮಾತಿಗೆ ಬರುವ ಮೊದಲು ಕಾರಣವನ್ನು ಹೇಳುತ್ತೇನೆ. ಕಾರಣ ತಿಳಿದರೆ ಯಾವ ಚಿಹ್ನೆಗೆ ಬ್ಯಾಕ್‌ಸ್ಲ್ಯಾಶ್ ಬೇಕು, ಯಾವುದಕ್ಕೆ ಬೇಡ ಎಂಬುದನ್ನು ಬಾಯಿಪಾಠ ಮಾಡಬೇಕಾಗುವುದಿಲ್ಲ.

ಮ್ಯಾನ್ ಪುಟ ಎನ್ನುವುದು ಸಾದಾ ಪಠ್ಯವಲ್ಲ. ಅದು ರಾಫ್ ಎಂಬ ಅಕ್ಷರ ಜೋಡಣೆಯ ಭಾಷೆಯಲ್ಲಿ ಬರೆದ ಪ್ರೋಗ್ರಾಂ. ಯೂನಿಕ್ಸ್‌ನ ಮೊದಲ ಕೈಪಿಡಿ 1971ರ ನವೆಂಬರ್‌ನಲ್ಲಿ ಬಂದಾಗ ಬೆಲ್ ಲ್ಯಾಬ್ಸ್‌ನವರ ಮುಂದೆ ಇದ್ದದ್ದು ಟೆಲಿಟೈಪ್ ಯಂತ್ರ. ಆ ಯಂತ್ರದ ಕೀಲಿಮಣೆಯಲ್ಲಿ ಹೈಫನ್ನಿಗೂ ಮೈನಸ್ಸಿಗೂ ಒಂದೇ ಕೀಲಿ. ಅಕ್ಷರಗಳಿಗೆ ಸಂಖ್ಯೆ ಕೊಡುವ ಆಸ್ಕಿ ಪಟ್ಟಿಯಲ್ಲಿಯೂ ಎರಡಕ್ಕೂ ಸೇರಿ 45 ಎಂಬ ಒಂದೇ ಸಂಖ್ಯೆ. ಕೆಲವೇ ವರ್ಷಗಳ ನಂತರ ಜೋ ಒಸ್ಸಾನ್ನಾ ಅವರು ಫೋಟೊ ಟೈಪ್‌ಸೆಟರ್‌ಗಾಗಿ ಟಿ-ರಾಫ್ ಬರೆದಾಗ, ಪುಸ್ತಕದ ಅಚ್ಚಿನಲ್ಲಿ ಈ ಎರಡೂ ಬೇರೆ ಬೇರೆ ಉದ್ದದ, ಬೇರೆ ಬೇರೆ ರೂಪದ ಗುರುತುಗಳಾಗಿ ಕಾಣಬೇಕಾಯಿತು. ಅದಕ್ಕಾಗಿ ಬರೀ ಗೆರೆ (-) ಎಂದರೆ ಹೈಫನ್, ಬ್ಯಾಕ್‌ಸ್ಲ್ಯಾಶ್ ಸೇರಿದ \- ಎಂದರೆ ಮೈನಸ್ ಎಂಬ ಒಪ್ಪಂದ ಬಂತು. ಅದೇ ರೀತಿ ' ಎಂದು ಒತ್ತಿದರೆ ಮುಚ್ಚುವ ಉದ್ಧರಣ ಚಿಹ್ನೆ, ` ಎಂದು ಒತ್ತಿದರೆ ತೆರೆಯುವ ಉದ್ಧರಣ ಚಿಹ್ನೆ ಬರುವಂತಾಯಿತು. ಗದ್ಯವನ್ನು ಬರೆಯುವವರಿಗೆ ಇದು ಬಹಳ ಅನುಕೂಲ. ಆದರೆ ಕೈಪಿಡಿಯಲ್ಲಿ ಗದ್ಯವೂ ಇದೆ, ಓದುಗರು ಇದ್ದದ್ದನ್ನು ಇದ್ದಂತೆ ಟೈಪ್ ಮಾಡಬೇಕಾದ ಸಾಲುಗಳೂ ಇವೆ. ಎಲ್ಲ ತೊಡಕೂ ಈ ಎರಡರ ನಡುವಿನ ಗಡಿಯಲ್ಲಿದೆ.

ಹಳೆಯ ಟರ್ಮಿನಲ್‌ಗಳಲ್ಲಿ ತೋರಿಸಲು ಇದ್ದದ್ದೇ ಆಸ್ಕಿ ಅಕ್ಷರಗಳಾದ್ದರಿಂದ, ಹೇಗೆ ಬರೆದರೂ ಎಲ್ಲವೂ ಒಂದೇ ಥರ ಕಾಣುತ್ತಿತ್ತು. ಯುನಿಕೋಡ್ ಅಕ್ಷರಗಳನ್ನು ತೋರಿಸಬಲ್ಲ ಯುಟಿಎಫ್-8 ಟರ್ಮಿನಲ್ ಬಂದ ಮೇಲೆ ವ್ಯತ್ಯಾಸವನ್ನು ತೋರಿಸುವ ಶಕ್ತಿ ಬಂತು, ಆದರೂ ಲಿನಕ್ಸ್ ಯಂತ್ರಗಳಲ್ಲಿರುವ ಗ್ನೂ ರಾಫ್‌ನ ಮ್ಯಾನ್ ಮ್ಯಾಕ್ರೊಗಳು (ಪುಟದ ರೂಪಕ್ಕೆಂದು ಮೊದಲೇ ಬರೆದಿಟ್ಟ ಆಜ್ಞೆಗಳು) ಹೈಫನ್ ಮತ್ತು ಉದ್ಧರಣ ಚಿಹ್ನೆಗಳನ್ನು ಆಸ್ಕಿ ರೂಪಕ್ಕೇ ತಿರುಗಿಸಿ ಕೊಡುತ್ತಿದ್ದವು. 2023ರ ಜುಲೈಯಲ್ಲಿ ಬಂದ 1.23.0 ಆವೃತ್ತಿಯಲ್ಲಿ ಆ ರಿಯಾಯಿತಿಯನ್ನು ತೆಗೆದುಹಾಕಿದರು. ಆದ್ದರಿಂದ ಈಗ ಬರೀ ಗೆರೆಯು ಯುನಿಕೋಡ್ 2010 ಆಗುತ್ತದೆ, ' ಚಿಹ್ನೆಯು 2019 ಆಗುತ್ತದೆ, ` ಚಿಹ್ನೆಯು 2018 ಆಗುತ್ತದೆ. ಡೆಬಿಯನ್‌ನವರು ತಮ್ಮ ಬಳಕೆದಾರರಿಗೆ ತೊಂದರೆಯಾಗದಿರಲಿ ಎಂದು, ಹೈಫನ್ನನ್ನು ಆಸ್ಕಿ 45ಕ್ಕೆ ತಿರುಗಿಸುವ ಸಾಲುಗಳನ್ನು ವ್ಯವಸ್ಥೆಯ ಮಟ್ಟದ ಸಂರಚನಾ ಕಡತದಲ್ಲಿ ಸೇರಿಸಿದರು. ನಿಮ್ಮ ಯಂತ್ರದಲ್ಲಿ ಸರಿಯಾಗಿ ನಡೆದದ್ದು ಸ್ನೇಹಿತರ ಯಂತ್ರದಲ್ಲಿ ನಡೆಯದಿರುವುದಕ್ಕೆ ಕಾರಣ ಇದೇ ಇರಬೇಕು. ಎರಡು ಕಡೆಯೂ ಪುಟ ಒಂದೇ, ಅದನ್ನು ತೋರಿಸುವ ನಿಯಮ ಬೇರೆ.

ಈಗ ಯಾವುದಕ್ಕೆ ಬ್ಯಾಕ್‌ಸ್ಲ್ಯಾಶ್ ಬೇಕು ಎಂಬ ಮಾತು. ಓದುಗರು ಟೈಪ್ ಮಾಡಬೇಕಾದ ಗೆರೆಗೆಲ್ಲ \- ಬೇಕು. ಮ್ಯಾನ್ ಪುಟಗಳ ಮಟ್ಟಿಗೆ ಅದು ಆಸ್ಕಿ 45 ಆಗಿಯೇ ಹೊರಬರುತ್ತದೆ. ಇಲ್ಲಿ ಹೆಚ್ಚಿನವರು ಆಯ್ಕೆಗಳ ಹೆಸರಿನ ಮುಂದಿನ ಗೆರೆಗಳನ್ನು ಮಾತ್ರ ನೋಡುತ್ತಾರೆ. ನಿಮ್ಮ ಪುಟದಲ್ಲಿ ಅದಕ್ಕಿಂತ ಹೆಚ್ಚು ಅಪಾಯ ಇರುವುದು ದಿನಾಂಕಗಳಲ್ಲಿ. 2024-06-01 ಎಂಬುದರೊಳಗಿನ ಎರಡು ಗೆರೆಗಳು ಗದ್ಯದ ಗೆರೆಗಳಂತೆ ಕಂಡರೂ ಅವನ್ನು ಓದುಗರು ಹಾಗೆಯೇ ಟೈಪ್ ಮಾಡಬೇಕು, ನಿಮ್ಮ ಪ್ರೋಗ್ರಾಂ ಹಾಗೆಯೇ ಓದಬೇಕು. ಹಾಗಾಗಿ ಅಲ್ಲಿಯೂ \- ಬೇಕು. ನೇರ ಉದ್ಧರಣ ಚಿಹ್ನೆಗೆ \[ಎಕ್ಯೂ], ^ ಚಿಹ್ನೆಗೆ \[ಎಚ್ಎ], ~ ಚಿಹ್ನೆಗೆ \[ಟಿಐ], ಬ್ಯಾಕ್‌ಟಿಕ್‌ಗೆ \[ಜಿಎ], ಬ್ಯಾಕ್‌ಸ್ಲ್ಯಾಶ್‌ಗೇ ಆದರೆ \[ಆರ್‌ಎಸ್] ಎಂಬ ಹೆಸರುಗಳಿವೆ. ಆವರಣದೊಳಗಿನ ಹೆಸರುಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲಿ ಬರೆದಿದ್ದೇನೆ. ಕಡತದಲ್ಲಿ ಅವು ಇಂಗ್ಲಿಷಿನ ಎರಡೆರಡು ಸಣ್ಣಕ್ಷರಗಳಾಗಿರಬೇಕು. ^ ಮತ್ತು ~ ಎಲ್ಲ ಕಡೆಯೂ ಬದಲಾಗುವುದಿಲ್ಲ, ಕೆಲವು ಔಟ್‌ಪುಟ್ ಸಾಧನಗಳಲ್ಲಿ ಮಾತ್ರ ಅಕ್ಷರದ ಮೇಲೆ ಕೂರುವ ಸಣ್ಣ ಗುರುತುಗಳಾಗಿಬಿಡುತ್ತವೆ. ಲಿನಕ್ಸ್ ಮ್ಯಾನ್ ಪುಟಗಳ ಯೋಜನೆಯ ಶೈಲಿ ಸೂಚನೆಯಲ್ಲಿಯೂ ಇವುಗಳಿಗೆ ಹೆಸರಿನ ರೂಪವನ್ನೇ ಬಳಸಲು ಹೇಳಿದ್ದಾರೆ.

ಪಟ್ಟಿ ಇಷ್ಟೇ. ಪೂರ್ಣವಿರಾಮ, ಕಾಮಾ, ಆವರಣ, ಡಾಲರ್ ಚಿಹ್ನೆ, ನಕ್ಷತ್ರ ಚಿಹ್ನೆ, ಅಡಿಗೆರೆ ಯಾವುದಕ್ಕೂ ಸಾಲಿನ ನಡುವೆ ಏನೂ ಬೇಡ. ಭಯಪಟ್ಟು ಕಂಡಕಂಡಲ್ಲೆಲ್ಲ ಬ್ಯಾಕ್‌ಸ್ಲ್ಯಾಶ್ ಹಾಕಿರುವ ಪುಟಗಳನ್ನು ನೋಡಿದಾಗ ನನಗೆ ಬೇಸರವಾಗುತ್ತದೆ. ಅಂಥ ಪುಟವನ್ನು ತಿದ್ದಲು ಯಾರೂ ಮುಂದೆ ಬರುವುದಿಲ್ಲ, ತಿದ್ದದ ಕೈಪಿಡಿ ಬೇಗ ಹಳತಾಗುತ್ತದೆ. ಸರಳಗೊಳಿಸುವ ಮೊದಲ ಹೆಜ್ಜೆಯೆಂದರೆ ಬೇಡದ ಬ್ಯಾಕ್‌ಸ್ಲ್ಯಾಶ್‌ಗಳನ್ನು ತೆಗೆಯುವುದು.

.05 ಎಂಬ ಸಾಲು ಮಾಯವಾದದ್ದು ಬೇರೆಯೇ ವಿಷಯ. ಸಾಲಿನ ಮೊದಲ ಅಕ್ಷರ ಚುಕ್ಕಿಯಾಗಿದ್ದರೆ ರಾಫ್ ಅದನ್ನು ಆಜ್ಞೆ ಎಂದು ತಿಳಿಯುತ್ತದೆ. 05 ಎಂಬ ಹೆಸರಿನ ಆಜ್ಞೆ ಇಲ್ಲದ್ದರಿಂದ ಇಡೀ ಸಾಲನ್ನು ಸದ್ದಿಲ್ಲದೆ ಬಿಟ್ಟುಬಿಡುತ್ತದೆ. ಸಾಲು ' ಚಿಹ್ನೆಯಿಂದ ಶುರುವಾದರೂ ಇದೇ ಗತಿ. ಚುಕ್ಕಿಗೆ ಮೊದಲು \& ಎಂದು ಬರೆದರೆ, ಅಗಲವಿಲ್ಲದ ಆ ಗುರುತು ಚುಕ್ಕಿಯನ್ನು ಸಾಲಿನ ಆರಂಭದಿಂದ ಒಂದು ಹೆಜ್ಜೆ ಸರಿಸುತ್ತದೆ. ಆದರೆ ನನ್ನನ್ನು ಕೇಳಿದರೆ, 0.05 ಎಂದು ಬರೆಯಿರಿ, ಇಲ್ಲವೇ ‘ದಿನದ ಮಳೆ .05 ಇಂಚಿಗಿಂತ ಕಡಿಮೆ ಇದ್ದರೆ’ ಎಂದು ವಾಕ್ಯವನ್ನೇ ತಿರುಗಿಸಿ. ವಾಕ್ಯವನ್ನು ತಿರುಗಿಸಿ ಬರೆಯಲು ಸಾಧ್ಯವಿರುವ ಕಡೆ ಬ್ಯಾಕ್‌ಸ್ಲ್ಯಾಶ್ ಸೇರಿದ ಇಂಥ ಎಸ್ಕೇಪ್‌ನ ಅಗತ್ಯವೇ ಬರುವುದಿಲ್ಲ. ಕನ್ನಡದಲ್ಲಂತೂ ಪದಗಳನ್ನು ಹಿಂದೆಮುಂದೆ ಮಾಡುವ ಸ್ವಾತಂತ್ರ್ಯ ಧಾರಾಳವಾಗಿದೆ.

ಉತ್ತರ: ಲ್ಯಾಬ್ ಕೋಣೆ (ಕುಶಾಲನಗರ)

ಹಿರಿಯರು ಹೇಳಿದ ಕಾರಣವನ್ನು ಪೂರ್ತಿಯಾಗಿ ಒಪ್ಪುತ್ತೇನೆ. ಆದರೆ ನಾನು ವಿದ್ಯಾರ್ಥಿಗಳಿಗೆ ಲಿನಕ್ಸ್ ಕಲಿಸುವವನಾಗಿ ಬೇರೆ ದಿಕ್ಕಿನಿಂದ ನೋಡುತ್ತೇನೆ. ಈಗ ತಾನೇ ಕಲಿಯುತ್ತಿರುವವರು ಕೈಪಿಡಿಯನ್ನು ತಿದ್ದಲು ಬಂದಾಗ, ಎಂಟು ಹತ್ತು ವಿಶೇಷ ಹೆಸರುಗಳನ್ನು ನೆನಪಿಡಿ ಎಂದರೆ ಅವರು ಬರುವುದೇ ಇಲ್ಲ. ಅವರಿಗೆ ಮಾರ್ಕ್‌ಡೌನ್ ಗೊತ್ತಿರುತ್ತದೆ. ಆದ್ದರಿಂದ ಮೂರನೆಯ ದಾರಿಯನ್ನು, ಅಂದರೆ ಮಾರ್ಕ್‌ಡೌನ್‌ನಲ್ಲಿ ಬರೆದು ಪ್ಯಾನ್‌ಡಾಕ್ ಎಂಬ ಪರಿವರ್ತಕದ ಮೂಲಕ ಮ್ಯಾನ್ ಪುಟ ಮಾಡುವ ದಾರಿಯನ್ನು, ನಾನು ಶಿಫಾರಸು ಮಾಡುತ್ತೇನೆ.

ಇದರ ದೊಡ್ಡ ಲಾಭವೆಂದರೆ, ಬ್ಯಾಕ್‌ಟಿಕ್‌ಗಳ ನಡುವೆ ಅಥವಾ ಕೋಡ್ ಬ್ಲಾಕಿನೊಳಗೆ ಬರೆದದ್ದನ್ನೆಲ್ಲ ‘ಇದು ಟೈಪ್ ಮಾಡುವ ಪಠ್ಯ’ ಎಂದು ಪರಿವರ್ತಕವೇ ಅರ್ಥ ಮಾಡಿಕೊಂಡು, ಅದರೊಳಗಿನ ಗೆರೆ, ಉದ್ಧರಣ ಚಿಹ್ನೆ, ಟಿಲ್ಡೆಗಳಿಗೆ ಬೇಕಾದ ಎಸ್ಕೇಪ್‌ಗಳನ್ನು ತಾನೇ ಹಾಕುತ್ತದೆ. ಗದ್ಯ ಮತ್ತು ಕಮಾಂಡ್ ನಡುವಿನ ಗಡಿಯನ್ನು ಬರೆಯುವವರು ಒಮ್ಮೆ ಗುರುತಿಸಿದರೆ ಸಾಕು, ಒಂದೊಂದು ಚಿಹ್ನೆಯ ಬಗ್ಗೆ ಬೇರೆ ಬೇರೆಯಾಗಿ ಯೋಚಿಸಬೇಕಾಗಿಲ್ಲ. ಅದಲ್ಲದೆ ಸಾಲಿನ ಆರಂಭದ ಚುಕ್ಕಿಯ ಸಮಸ್ಯೆಯನ್ನೂ ಅದೇ ನೋಡಿಕೊಳ್ಳುತ್ತದೆ.

ಒಂದು ಎಚ್ಚರಿಕೆ ಮಾತ್ರ ಬೇಕು. ಪ್ಯಾನ್‌ಡಾಕ್‌ನಲ್ಲಿ ‘ಸ್ಮಾರ್ಟ್’ ಎಂಬ ವಿಸ್ತರಣೆ ಸಹಜವಾಗಿಯೇ ಚಾಲೂ ಇರುತ್ತದೆ. ಅದು ಗದ್ಯದಲ್ಲಿರುವ ಜೋಡಿ ಗೆರೆಯನ್ನು ಉದ್ದ ಗೆರೆಯಾಗಿಯೂ ನೇರ ಉದ್ಧರಣ ಚಿಹ್ನೆಯನ್ನು ಬಾಗಿದ ಚಿಹ್ನೆಯಾಗಿಯೂ ಬದಲಾಯಿಸುತ್ತದೆ. ಯಾರಾದರೂ ಬ್ಯಾಕ್‌ಟಿಕ್ ಹಾಕದೆ, ದಪ್ಪಕ್ಷರದಲ್ಲಿ --ಇಂದ ಎಂದು ಬರೆದರೆ, ಆಯ್ಕೆಯ ಮುಂದಿನ ಎರಡು ಗೆರೆಗಳು ಒಂದೇ ಗೆರೆಯಾಗಿಬಿಡುತ್ತವೆ. ಪರಿವರ್ತಿಸುವ ಕಮಾಂಡಿನಲ್ಲಿ ಇನ್‌ಪುಟ್ ಸ್ವರೂಪದ ಹೆಸರಿನ ನಂತರ ಆ ವಿಸ್ತರಣೆಯನ್ನು ಮೈನಸ್ ಮಾಡಿ ಬರೆದರೆ ಇದು ನಿಲ್ಲುತ್ತದೆ. ಅದನ್ನು ಮೇಕ್‌ಫೈಲಿನಲ್ಲಿ (ಪುಟ ತಯಾರಿಸುವ ಕಮಾಂಡುಗಳನ್ನು ಬರೆದಿಡುವ ಕಡತದಲ್ಲಿ) ಒಮ್ಮೆ ಬರೆದಿಟ್ಟರೆ ಮುಂದೆ ಯಾರೂ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ.

ಸೆಡ್‌ನ ದಾರಿಯನ್ನು ಮಾತ್ರ ದಯವಿಟ್ಟು ಹಿಡಿಯಬೇಡಿ. ರಾಫ್ ಕಡತದಲ್ಲಿ ಗೆರೆಯು ಪಠ್ಯವಾಗಿ ಮಾತ್ರ ಬರುವುದಿಲ್ಲ. ಅಂಚನ್ನು ಹಿಂದಕ್ಕೆ ಸರಿಸುವಂಥ ಆಜ್ಞೆಗಳಿಗೆ ಕೊಡುವ ಸಂಖ್ಯೆಯಲ್ಲಿ ಋಣ ಚಿಹ್ನೆಯಾಗಿಯೂ ಬರುತ್ತದೆ, ಈಗಾಗಲೇ ಸರಿಯಾಗಿ ಬರೆದಿರುವ \- ರೂಪದೊಳಗೂ ಇರುತ್ತದೆ. ಕಣ್ಣು ಮುಚ್ಚಿ ಬದಲಾಯಿಸಿದರೆ ಸರಿಯಿದ್ದದ್ದೂ ಕೆಡುತ್ತದೆ.

ಉತ್ತರ: ಟರ್ಮಿನಲ್ ಮಂದಿ (ಮಡಿಕೇರಿ)

ಕುಶಾಲನಗರದ ಮಾಸ್ತರರ ಕಾಳಜಿ ನನಗೆ ಅರ್ಥವಾಗುತ್ತದೆ. ಸೆಡ್ ಬಗ್ಗೆ ಅವರು ಹೇಳಿದ್ದಕ್ಕೆ ನನ್ನ ಪೂರ್ಣ ಸಮ್ಮತಿಯಿದೆ. ಆದರೆ ಮಾರ್ಕ್‌ಡೌನ್‌ಗೆ ಹೋದರೆ ಎಸ್ಕೇಪ್‌ಗಳ ಕಾಟ ಮುಗಿಯುತ್ತದೆ ಎಂಬ ಭಾವನೆ ಉಳಿಯಬಾರದು ಎಂಬ ಕಾರಣಕ್ಕೆ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ಪ್ರತಿ ಬರವಣಿಗೆಯ ಸ್ವರೂಪಕ್ಕೂ ತನ್ನದೇ ಆದ ವಿಶೇಷ ಚಿಹ್ನೆಗಳಿರುತ್ತವೆ. ಗಿಟ್‌ನ ಕೈಪಿಡಿಯೇ ಇದಕ್ಕೆ ಒಳ್ಳೆಯ ನಿದರ್ಶನ (ಗಿಟ್ ಎಂದರೆ ಕೋಡಿನ ಆವೃತ್ತಿಗಳನ್ನು ಕಾಯ್ದಿಡುವ ಉಪಕರಣ). ಅವರ ಪುಟಗಳ ಮೂಲ ಆಸ್ಕಿಡಾಕ್ ಎಂಬ ಸ್ವರೂಪದಲ್ಲಿದೆ. ಆ ಸ್ವರೂಪದಲ್ಲಿ ^ ಚಿಹ್ನೆಗಳ ನಡುವಿನ ಪಠ್ಯ ಮೇಲಕ್ಕೇರುತ್ತದೆ, ~ ಚಿಹ್ನೆಗಳ ನಡುವಿನದು ಕೆಳಕ್ಕಿಳಿಯುತ್ತದೆ. ಗಿಟ್‌ನಲ್ಲಾದರೋ ಹಿಂದಿನ ಕಮಿಟ್ ಅನ್ನು (ಉಳಿಸಿಟ್ಟ ಆವೃತ್ತಿಯನ್ನು) ಸೂಚಿಸಲು ಬಳಸುವುದೇ ಈ ಎರಡು ಚಿಹ್ನೆಗಳನ್ನು. ಹೀಗಾಗಿ ಅವರು ಆ ಚಿಹ್ನೆಗಳಿಗೂ, ಉದ್ದ ಗೆರೆಯಾಗಿ ಬದಲಾಗಬಾರದ ಜೋಡಿ ಗೆರೆಗೂ, ಪುಷ್ಪಾವರಣದೊಳಗೆ ಬರೆಯುವ ಬೇರೆ ಬೇರೆ ಹೆಸರುಗಳನ್ನು ಮಾಡಿಕೊಳ್ಳಬೇಕಾಯಿತು. ರಾಫ್‌ನ ಎಸ್ಕೇಪ್ ಹೋಗಿ ಆಸ್ಕಿಡಾಕ್‌ನ ಎಸ್ಕೇಪ್ ಬಂತು. ಮಾರ್ಕ್‌ಡೌನ್‌ನಲ್ಲಿಯೂ ಅಡಿಗೆರೆ, ನಕ್ಷತ್ರ ಚಿಹ್ನೆ, ಕೋನಾವರಣಗಳು ಗದ್ಯದೊಳಗೆ ಬಂದಾಗ ಇದೇ ಪ್ರಶ್ನೆ ಏಳುತ್ತದೆ. ಪುಟ ಸಣ್ಣದಾಗಿದ್ದು ಕಮಾಂಡುಗಳೆಲ್ಲ ಬ್ಯಾಕ್‌ಟಿಕ್‌ನೊಳಗೆ ಇದ್ದರೆ ಈ ದಾರಿ ಚೆನ್ನಾಗಿಯೇ ನಡೆಯುತ್ತದೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಪುಟ ತಯಾರಾಗಲು ಪರಿವರ್ತಕವೊಂದು ಯಂತ್ರದಲ್ಲಿ ಇರಲೇಬೇಕಾಗುತ್ತದೆ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಇಲ್ಲವಾದರೆ ತಯಾರಾದ ಪುಟವನ್ನೇ ಮೂಲದ ಜೊತೆಗೆ ಹಂಚಬೇಕು.

ಪುಟದ ತಲೆಯಲ್ಲಿ ಚಿಹ್ನೆಗಳಿಗೆ ಹೊಸ ಅರ್ಥ ಕೊಡುವ ಎರಡನೆಯ ದಾರಿಯ ಬಗ್ಗೆ ಇನ್ನೂ ಯಾರೂ ಹೇಳಿಲ್ಲ. ನೋಡಲು ಅದು ಅತ್ಯಂತ ಸುಲಭ. ಎರಡು ಸಾಲು ಬರೆದರೆ ಕೆಳಗಿನ ಪುಟವನ್ನೆಲ್ಲ ಹೇಗೆ ಬೇಕಾದರೂ ಬರೆಯಬಹುದು ಎನಿಸುತ್ತದೆ. ಆದರೆ ಅಕ್ಷರಕ್ಕೆ ಹೊಸ ಅರ್ಥ ಕೊಡುವ ಆಜ್ಞೆಯು ಗ್ನೂ ರಾಫ್‌ನ ವಿಸ್ತರಣೆ. ಮ್ಯಾನ್ ಪುಟವನ್ನು ಜಾಲಪುಟವಾಗಿ ಪರಿವರ್ತಿಸುವ ಸಣ್ಣ ಉಪಕರಣಗಳು ರಾಫ್‌ನ ಒಂದು ಭಾಗವನ್ನಷ್ಟೇ ಬಲ್ಲವು, ಅವು ಇಂಥ ಆಜ್ಞೆಯನ್ನು ಹೇಗೆ ನಡೆಸುತ್ತವೆ ಎಂದು ಭರವಸೆ ಇಡುವಂತಿಲ್ಲ. ಹಲವು ಪುಟಗಳನ್ನು ಒಂದೇ ಬಾರಿಗೆ ಸಂಸ್ಕರಿಸಿದರೆ ನಿಮ್ಮ ಪುಟ ಕೊಟ್ಟ ಹೊಸ ಅರ್ಥವು ಅದರ ನಂತರದ ಪುಟಕ್ಕೂ ಅಂಟಿಕೊಳ್ಳುತ್ತದೆ. ವಿತರಣೆಯವರು ತಮ್ಮ ಸಂರಚನಾ ಕಡತದಲ್ಲಿ ಇಂಥ ಬದಲಾವಣೆ ಮಾಡಿಕೊಳ್ಳುವುದು ಅವರ ಜವಾಬ್ದಾರಿಗೆ ಬಿಟ್ಟದ್ದು; ಇಡೀ ವ್ಯವಸ್ಥೆಯ ಸಾವಿರಾರು ಹಳೆಯ ಪುಟಗಳನ್ನು ಒಂದೇ ದಿನದಲ್ಲಿ ತಿದ್ದಲು ಅವರಿಗೆ ಸಾಧ್ಯವಿಲ್ಲ. ಹೊಸದಾಗಿ ಪುಟ ಬರೆಯುವವರಿಗೆ ಆ ಒತ್ತಡವಿಲ್ಲ.

ಇಲ್ಲಿ ಬಹಳ ಜನರಲ್ಲಿರುವ ಒಂದು ನಂಬಿಕೆಯನ್ನು ತಿದ್ದಬೇಕಾಗಿದೆ. ಉದಾಹರಣೆಗಳಿಗೆಂದೇ ಇರುವ ಇಎಕ್ಸ್ ಮತ್ತು ಇಇ ಮ್ಯಾಕ್ರೊಗಳ ನಡುವೆ ಬರೆದರೆ ಪಠ್ಯ ಇದ್ದಂತೆಯೇ ಹೊರಬರುತ್ತದೆ ಎಂದು ತಿಳಿದವರಿದ್ದಾರೆ. ಆ ಮ್ಯಾಕ್ರೊಗಳು ಸಾಲುಗಳನ್ನು ಒಟ್ಟುಗೂಡಿಸುವುದನ್ನು ನಿಲ್ಲಿಸುತ್ತವೆ, ಮುದ್ರಣದಲ್ಲಿ ಸಮಾನ ಅಗಲದ ಅಕ್ಷರಕ್ಕೆ ಹೋಗುತ್ತವೆ, ಅಷ್ಟೇ. ಒಳಗಿನ ಬರೀ ಗೆರೆ ಆಗಲೂ 2010 ಆಗಿಯೇ ಬರುತ್ತದೆ. ಎಸ್ಕೇಪ್‌ಗಳನ್ನೇ ನಿಲ್ಲಿಸುವ ಇಒ ಆಜ್ಞೆಯನ್ನು ಬಳಸಿದರೆ ಪರಿಸ್ಥಿತಿ ಇನ್ನೂ ಬಿಗಡಾಯಿಸುತ್ತದೆ. ಗೆರೆ ಹೈಫನ್ ಆಗುವುದು ಎಸ್ಕೇಪ್‌ನಿಂದ ಅಲ್ಲವಾದ್ದರಿಂದ ಅದು ನಿಲ್ಲುವುದಿಲ್ಲ, ಅದನ್ನು ಸರಿಪಡಿಸುವ \- ಮಾತ್ರ ಕೆಲಸ ಮಾಡದಂತಾಗುತ್ತದೆ.

ಹಾಗಾದರೆ ನನ್ನ ಸಲಹೆ ಏನು? ಎಂಡಾಕ್ ಮ್ಯಾಕ್ರೊಗಳನ್ನು ನೋಡಿ. ಬರ್ಕ್ಲಿಯ ಬಿಎಸ್‌ಡಿ ಕೈಪಿಡಿಗಳಿಗಾಗಿ ಸಿಂಥಿಯಾ ಲಿವಿಂಗ್‌ಸ್ಟನ್ ಅವರು ರೂಪಿಸಿದ ಈ ಮ್ಯಾಕ್ರೊಗಳಲ್ಲಿ, ಪದ ಹೇಗೆ ಕಾಣಬೇಕು ಎಂಬುದರ ಬದಲು ಪದ ಏನು ಎಂಬುದನ್ನು ಬರೆಯುತ್ತೇವೆ. ಇದು ಆಯ್ಕೆ, ಇದು ಕಡತದ ದಾರಿ, ಇದು ಬಳಕೆದಾರರು ಕೊಡಬೇಕಾದ ಮೌಲ್ಯ, ಹೀಗೆ. ಆಯ್ಕೆಗೆ ಇರುವ ಎಫ್‌ಎಲ್ ಎಂಬ ಮ್ಯಾಕ್ರೊದ ನಂತರ ಹೆಸರು ಬರೆದರೆ ಆ ಹೆಸರಿಗೆ ಮೊದಲು ಬರುವ ಗೆರೆಯನ್ನು ಮ್ಯಾಕ್ರೊ ತಾನೇ, ಸರಿಯಾದ ರೂಪದಲ್ಲಿ ಹಾಕುತ್ತದೆ. ಉದ್ದ ಆಯ್ಕೆಗೆ ಎರಡನೆಯ ಗೆರೆಯೊಂದನ್ನು \- ಎಂದು ಬರೆದರಾಯಿತು. ಪುಟದಲ್ಲಿ ಅತಿ ಹೆಚ್ಚು ಬಾರಿ ಬರುವ ಎಸ್ಕೇಪ್ ಹೀಗೆ ಬರೆಯುವವರ ಕೈಯಿಂದ ಮ್ಯಾಕ್ರೊದ ಕೈಗೆ ಹೋಗುತ್ತದೆ. ನಿಮ್ಮ ಪುಟದಲ್ಲಿ ಉಳಿಯುವುದು ದಿನಾಂಕಗಳು ಮತ್ತು ಹುಡುಕಾಟದ ಒಂದೆರಡು ಉದಾಹರಣೆಗಳು. ಅಷ್ಟನ್ನು ಕೈಯಲ್ಲಿ ಬರೆದರೆ ಮೂಲ ಕಡತ ಓದಲು ಕಷ್ಟವಾಗುವುದಿಲ್ಲ. ಗ್ನೂ ರಾಫ್ ಇದನ್ನು ಬಲ್ಲದು, ಓಪನ್‌ಬಿಎಸ್‌ಡಿಯವರ ಮ್ಯಾನ್‌ಡಾಕ್ ಎಂಬ ಮ್ಯಾನ್ ಪುಟ ತೋರಿಸುವ ಉಪಕರಣವೂ ಬಲ್ಲದು.

ಕನ್ನಡ ಪುಟಗಳಿಗೇ ಸಂಬಂಧಿಸಿದ ಎರಡು ಮಾತುಗಳನ್ನು ಸೇರಿಸುತ್ತೇನೆ. ಕನ್ನಡ ಗದ್ಯದಲ್ಲಿ ಹೈಫನ್ನಿನ ಅಗತ್ಯ ಕಡಿಮೆ. ಸಮಾಸವನ್ನು ಕೂಡಿಸಿಯೇ ಬರೆಯುತ್ತೇವೆ, ‘ಮಳೆ-ಗಾಳಿ’ ಎಂಬಂಥ ಜೋಡಿಗಳಲ್ಲಿ ಮಾತ್ರ ಅದು ಕಾಣಿಸುತ್ತದೆ, ಅಲ್ಲಿಯೂ ಬಿಟ್ಟು ಬರೆಯಬಹುದು. ಅಂದರೆ ನಿಮ್ಮ ಪುಟದಲ್ಲಿರುವ ಹೆಚ್ಚುಕಡಿಮೆ ಎಲ್ಲ ಗೆರೆಗಳೂ ಟೈಪ್ ಮಾಡುವ ಗೆರೆಗಳೇ. ಗದ್ಯದಲ್ಲಿ ಹೈಫನ್ ಬಳಸುವುದಿಲ್ಲ ಎಂಬ ನಿಯಮವನ್ನು ಹಾಕಿಕೊಂಡರೆ, ಕಡತದ ಪಠ್ಯದ ಸಾಲುಗಳಲ್ಲಿ ಬ್ಯಾಕ್‌ಸ್ಲ್ಯಾಶ್ ಇಲ್ಲದ ಗೆರೆ ಕಂಡರೆ ಅದು ತಪ್ಪು ಎಂದು ಕಣ್ಣಿಗೇ ತಿಳಿಯುತ್ತದೆ. ಇಂಗ್ಲಿಷ್ ಪುಟ ಬರೆಯುವವರಿಗೆ ಈ ಅನುಕೂಲವಿಲ್ಲ.

ಎರಡನೆಯದು ಕಣ್ಣಿಗೆ ಕಾಣದ ಅಕ್ಷರ. ಅರ್ಧಾಕ್ಷರವು ಮುಂದಿನ ಅಕ್ಷರಕ್ಕೆ ಒತ್ತಾಗಿ ಸೇರದಂತೆ ತಡೆಯಲು ನಾವು ಯುನಿಕೋಡ್ 200ಸಿ ಎಂಬ, ಅಗಲವಿಲ್ಲದ ಬೇರ್ಪಡಿಸುವ ಅಕ್ಷರವನ್ನು ಬಳಸುತ್ತೇವೆ. ‘ಮಾರ್ಚ್‌ನ’ ಎಂದು ಬರೆದಾಗ ಅದು ಒಳಗೆ ಸೇರಿರುತ್ತದೆ. ಆಯ್ಕೆಯ ಹೆಸರಿನಲ್ಲೋ ಕಡತದ ಹೆಸರಿನಲ್ಲೋ ಅದು ಇದ್ದರೆ, ಪುಟವನ್ನು ನೋಡಿ ಟೈಪ್ ಮಾಡುವವರು ಅದನ್ನು ಸೇರಿಸುತ್ತಾರೋ ಇಲ್ಲವೋ ಹೇಳಲಾಗದು, ಸೇರಿಸದಿದ್ದರೆ ಕಮಾಂಡ್ ಅದನ್ನು ಬೇರೆ ಹೆಸರೆಂದೇ ತಿಳಿಯುತ್ತದೆ. ಇದಕ್ಕೆ ಯಾವ ಎಸ್ಕೇಪ್‌ನಿಂದಲೂ ಪರಿಹಾರವಿಲ್ಲ. ಆ ಅಕ್ಷರ ಬೇಕಾಗದಂಥ ಹೆಸರುಗಳನ್ನೇ ಆರಿಸಿಕೊಳ್ಳಬೇಕು. ‘ಇಂದ’, ‘ವರೆಗೆ’, ‘ಹುಡುಕು’ ಎಂಬ ನಿಮ್ಮ ಹೆಸರುಗಳು ಆ ದೃಷ್ಟಿಯಿಂದ ಬಹಳ ಚೆನ್ನಾಗಿವೆ.

ಪ್ರಶ್ನಿಸಿದವರ ಮಾತು: ಮಳೆಪುಸ್ತಕ (ಸೋಮವಾರಪೇಟೆ)

ಇಷ್ಟು ವಿವರವಾಗಿ ಬರೆದ ಮೂವರಿಗೂ ಕೃತಜ್ಞತೆಗಳು. ದಿನಾಂಕಗಳೊಳಗಿನ ಗೆರೆಯ ವಿಷಯ ಮತ್ತು ಉದಾಹರಣೆಯ ಮ್ಯಾಕ್ರೊಗಳ ವಿಷಯ ನನಗೆ ಹೊಸದು.

ಎಲ್ಲವನ್ನೂ ಓದಿದ ಮೇಲೆ ಎಂಡಾಕ್ ಕಡೆಗೆ ಮನಸ್ಸು ವಾಲಿದೆ. ಪುಟ ಒಂದೇ ಇರುವುದರಿಂದ, ಅದನ್ನು ತಿದ್ದಲು ಬರುವವರು ಇಬ್ಬರೋ ಮೂವರೋ ಇರುವುದರಿಂದ, ಹೊಸ ಪರಿವರ್ತಕವೊಂದನ್ನು ಅವಲಂಬಿಸುವುದಕ್ಕಿಂತ ಇದು ಮೇಲೆನಿಸುತ್ತದೆ. ಮಾಸ್ತರರ ಮಾತಿನಲ್ಲಿರುವ ಗದ್ಯ ಮತ್ತು ಕಮಾಂಡಿನ ಗಡಿಯನ್ನು ಗುರುತಿಸುವ ವಿಚಾರ ಎಂಡಾಕ್‌ಗೂ ಅಷ್ಟೇ ಅನ್ವಯಿಸುತ್ತದೆ ಎಂದು ನನ್ನ ಭಾವನೆ.

ಉಳಿದಿರುವ ಸಂದೇಹ ಪರೀಕ್ಷೆಯದು. ನನ್ನ ಯಂತ್ರದಲ್ಲಿ ಹೈಫನ್‌ನ ತಪ್ಪು ಕಾಣಿಸಿಕೊಳ್ಳುವುದೇ ಇಲ್ಲವಾದ್ದರಿಂದ, ಪುಟ ಬೇರೆಯವರ ಯಂತ್ರದಲ್ಲಿ ಹೇಗಿರುತ್ತದೆ ಎಂದು ಹಂಚುವ ಮೊದಲೇ ತಿಳಿಯುವುದು ಹೇಗೆ?

ಉತ್ತರ: ಗೋಣಿಕೊಪ್ಪದ ಹಳಬ

ಒಳ್ಳೆಯ ಪ್ರಶ್ನೆ. ಡೆಬಿಯನ್‌ನ ಆ ಬದಲಾವಣೆ ಇರುವುದು ಇಟಿಸಿ ಕೋಶದೊಳಗಿನ ಜಿ-ರಾಫ್ (ಗ್ನೂ ರಾಫ್) ಉಪಕೋಶದಲ್ಲಿರುವ, ಸ್ಥಳೀಯ ಬದಲಾವಣೆಗಳಿಗೆಂದೇ ಮೀಸಲಾದ ಕಡತಗಳಲ್ಲಿ. ಮ್ಯಾನ್ ಮ್ಯಾಕ್ರೊಗಳಿಗೆ ಒಂದು, ಎಂಡಾಕ್‌ಗೆ ಇನ್ನೊಂದು. ನಿಮ್ಮದೇ ಯಂತ್ರವಾದರೆ, ಅವುಗಳನ್ನು ತೆರೆದು ಅಕ್ಷರಗಳನ್ನು ತಿರುಗಿಸುವ ಸಾಲುಗಳನ್ನು ಟಿಪ್ಪಣಿಯಾಗಿ ಮಾಡಿಬಿಡಿ. ಪುಟ ಬರೆಯುವವರ ಯಂತ್ರದಲ್ಲಿ ತಪ್ಪು ಕಾಣಿಸಬೇಕು, ಮುಚ್ಚಿಹೋಗಬಾರದು.

ಅದಾದ ಮೇಲೆ ಪುಟವನ್ನು ಯುಟಿಎಫ್-8 ಸಾಧನಕ್ಕೆ ಸಂಸ್ಕರಿಸಿ ಒಂದು ಕಡತಕ್ಕೆ ಹರಿಸಿ, ಆ ಕಡತದಲ್ಲಿ ಯುನಿಕೋಡ್ 2010, 2018, 2019, 2212 ಎಂಬ ನಾಲ್ಕು ಅಕ್ಷರಗಳನ್ನು (ಕೊನೆಯದು ಗಣಿತದ ಮೈನಸ್) ಹುಡುಕುವ ಕಮಾಂಡ್ ಆದ ಗ್ರೆಪ್‌ನಿಂದ ಹುಡುಕಿರಿ. ಮಡಿಕೇರಿಯವರು ಹೇಳಿದಂತೆ ಗದ್ಯದಲ್ಲಿ ಹೈಫನ್ ಬಳಸದೆ ಇದ್ದರೆ, 2010 ಸಿಕ್ಕಿದ ಕಡೆಯೆಲ್ಲ ಒಂದು \- ಬಿಟ್ಟುಹೋಗಿದೆ ಎಂದೇ ಅರ್ಥ. ಉದ್ಧರಣ ಚಿಹ್ನೆಗಳು ಗದ್ಯದಲ್ಲಿ ಬಂದಿದ್ದರೆ ಸರಿ, ಕಮಾಂಡಿನ ಸಾಲಿನಲ್ಲಿ ಬಂದಿದ್ದರೆ ತಪ್ಪು. ಅದನ್ನು ಕಣ್ಣಿನಿಂದ ನೋಡಿಯೇ ನಿರ್ಧರಿಸಬೇಕು. ಈ ಪರೀಕ್ಷೆಯನ್ನು ಮೇಕ್‌ಫೈಲಿಗೆ ಸೇರಿಸಿ.

ಮಾಯವಾಗುವ ಸಾಲುಗಳನ್ನು ಹಿಡಿಯಲು ಇದು ಸಾಲದು, ಏಕೆಂದರೆ ಹೊರಬಾರದ ಸಾಲನ್ನು ಹೊರಬಂದ ಪಠ್ಯದಲ್ಲಿ ಹುಡುಕಲಾಗದು. ಅದಕ್ಕೆ ಗ್ನೂ ರಾಫ್‌ನ ಎಲ್ಲ ಎಚ್ಚರಿಕೆಗಳನ್ನೂ ಚಾಲೂ ಮಾಡಿ ಒಮ್ಮೆ ನಡೆಸಿರಿ. 05 ಎಂಬ ಮ್ಯಾಕ್ರೊ ಇಲ್ಲವೆಂದು ಸಾಲಿನ ಸಂಖ್ಯೆಯೊಂದಿಗೆ ಅದು ಹೇಳುತ್ತದೆ. ಮ್ಯಾನ್‌ಡಾಕ್ ಸ್ಥಾಪಿಸಿಕೊಂಡರೆ ಅದರಲ್ಲಿರುವ, ತಪ್ಪುಗಳನ್ನು ಪರಿಶೀಲಿಸುವ ಲಿಂಟ್ ವಿಧಾನ ಇನ್ನೂ ಹೆಚ್ಚು ದೂರುಗಳನ್ನು ತೋರಿಸುತ್ತದೆ. ಒಂದು ಮಾತು ಗಮನದಲ್ಲಿರಲಿ: ಟರ್ಮಿನಲ್‌ನಲ್ಲಿ ಮ್ಯಾನ್‌ಡಾಕ್ ಬರೀ ಗೆರೆಯನ್ನೂ \- ಅನ್ನೂ ಒಂದೇ ರೀತಿ ಆಸ್ಕಿ ಗೆರೆಯಾಗಿ ತೋರಿಸುತ್ತದೆ. ಹೀಗಾಗಿ ಅಲ್ಲಿ ಸರಿಯಾಗಿ ಕಂಡಿತೆಂದು ಹೈಫನ್ ಪರೀಕ್ಷೆಯನ್ನು ಬಿಡಬಾರದು.

ಉತ್ತರ: ಲ್ಯಾಬ್ ಕೋಣೆ (ಕುಶಾಲನಗರ)

ಎಂಡಾಕ್ ಆರಿಸಿಕೊಂಡದ್ದಕ್ಕೆ ನನ್ನ ಆಕ್ಷೇಪವೇನೂ ಇಲ್ಲ. ಒಂದು ಸಣ್ಣ ಸೇರ್ಪಡೆ ಮಾತ್ರ. ಕನ್ನಡ ಪದಗಳು ಉದ್ದವಾಗಿರುವುದರಿಂದ, ಸಾಲಿನ ಎರಡೂ ಅಂಚುಗಳನ್ನು ಸಮ ಮಾಡುವ ರಾಫ್‌ನ ಅಭ್ಯಾಸವು ಪದಗಳ ನಡುವೆ ದೊಡ್ಡ ದೊಡ್ಡ ಖಾಲಿ ಜಾಗಗಳನ್ನು ಬಿಡುತ್ತದೆ. ಎಡ ಅಂಚನ್ನು ಮಾತ್ರ ಸಮ ಮಾಡುವ ಎಡಿ ಎಲ್ ಆಜ್ಞೆಯನ್ನು ಪುಟದ ಆರಂಭದಲ್ಲಿ ಕೊಟ್ಟರೆ ಓದಲು ಹಿತವಾಗುತ್ತದೆ. ಮೂಲ ಕಡತದ ತಲೆಯಲ್ಲಿ, ರಾಫ್‌ನ ಟಿಪ್ಪಣಿಯಾಗಿ, ‘ಟೈಪ್ ಮಾಡುವ ಗೆರೆಗೆ \- ಬರೆಯಿರಿ, ಗದ್ಯದಲ್ಲಿ ಹೈಫನ್ ಬೇಡ, ಸಾಲನ್ನು ಚುಕ್ಕಿಯಿಂದ ಆರಂಭಿಸಬೇಡಿ’ ಎಂದು ಕನ್ನಡದಲ್ಲಿ ಬರೆದಿಡಿ. ಮುಂದೆ ನನ್ನ ವಿದ್ಯಾರ್ಥಿಗಳಲ್ಲಿ ಯಾರಾದರೂ ಈ ಕಡತವನ್ನು ತೆರೆದರೆ, ಬೇರೆಲ್ಲೂ ಹುಡುಕದೆ ಅಲ್ಲಿಂದಲೇ ಕೆಲಸ ಶುರು ಮಾಡಬಹುದು.